ಮೂರನೆಯ ಕಮಾನಿನ ಗಾಜು

ಗಾಜು ಇಷ್ಟು ಸ್ವಚ್ಛವಾಗಿರಲು ಹೇಗೆ ಸಾಧ್ಯ? ಎರಡು ಮಳೆಗಾಲ ಕಂಡ ಗಾಜು. ಅದರ ಮೇಲೆ ಧೂಳು ಕೂತಿರಬೇಕಿತ್ತು, ಅಂಚಿನಲ್ಲಿ ಪಾಚಿ ಹಿಡಿದಿರಬೇಕಿತ್ತು, ಜೇಡವಾದರೂ ಒಂದು ಎಳೆ ಬಿಟ್ಟು ಹೋಗಿರಬೇಕಿತ್ತು. ಇದು ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. ಮೇಸ್ತ್ರಿ ಒರೆಸಿರಬಹುದು. ಒರೆಸಿಯೇ ಇರುತ್ತಾರೆ, ಅವರ ಸ್ವಭಾವವೇ ಹಾಗೆ. ಆದರೆ ಗಾಜನ್ನು ಹಿಡಿದುಕೊಂಡಿರುವ ಸಿಮೆಂಟು? ಒರೆಸಿದರೆ ಸಿಮೆಂಟಿಗೆ ಹಸಿ ಬಣ್ಣ ಬರುತ್ತದೆಯೇ?

ಏಣಿಯ ತುದಿಯಲ್ಲಿ ನಿಂತಿದ್ದ ಇಂಜಿನಿಯರ್ ಉಗುರಿನಿಂದ ಸಿಮೆಂಟನ್ನು ಕೆರೆದ. ಪುಡಿ ಉಗುರಿಗೆ ಮೆತ್ತಿಕೊಂಡಿತು. ಅವನ ತಲೆಯ ಮೇಲೆಯೇ ಸೇತುವೆಯ ಮೂರನೆಯ ಕಮಾನು, ಅದರ ಮೇಲೆ ಸಾಲುಸಾಲಾಗಿ ಲಾರಿಗಳು. ಪ್ರತಿ ಲಾರಿ ದಾಟುವಾಗಲೂ ಕಲ್ಲಿನ ಸಂದಿಯಿಂದ ಸಣ್ಣ ಮಣ್ಣು ಉದುರಿ ಅವನ ಕನ್ನಡಕದ ಮೇಲೆ ಕೂರುತ್ತಿತ್ತು.

ಕಮಾನಿನ ಹೊಟ್ಟೆಯಲ್ಲಿ ಒಂದು ಬಿರುಕಿತ್ತು. ಎರಡು ವರ್ಷದ ಹಿಂದೆ ಅವನು ಈ ಊರಿಗೆ ವರ್ಗವಾಗಿ ಬಂದ ಮೊದಲ ವಾರವೇ ಬಿರುಕಿಗೆ ಅಡ್ಡಲಾಗಿ, ಅಂಗೈ ಉದ್ದದ ತೆಳು ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿದ್ದ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ತಡೆದುಕೊಳ್ಳುವುದಿಲ್ಲ. ಗಾಜು ಇಡಿಯಾಗಿದ್ದರೆ ಕಲ್ಲು ಸುಮ್ಮನಿದೆ ಎಂದು ಅರ್ಥ. ಅಂಟಿಸಿದ ತಾರೀಕನ್ನು ಗಾಜಿನ ಮೇಲೆ ಬರೆಯದೆ ಪಕ್ಕದ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಿದ್ದ. ಅಂದಿನಿಂದ ತಿಂಗಳಿಗೊಮ್ಮೆ ಬಂದು, ಕೆಳಗಿನಿಂದ ಟಾರ್ಚು ಬಿಟ್ಟು ನೋಡಿ, ಗಾಜು ಫಳಕ್ಕೆಂದು ಹೊಳೆದರೆ ಸಮಾಧಾನದಿಂದ ಸಹಿ ಹಾಕಿ ಹೋಗುತ್ತಿದ್ದ. ಆಮೇಲೆ ಏಣಿ ಹತ್ತಿದ್ದು ಇವತ್ತೇ. ಅದೂ ಹೆಂಡತಿ ಆಡಿದ ಒಂದು ಮಾತಿಗೆ. "ರೀ, ನಿಮ್ಮ ಸೇತುವೆ ಮೇಲೆ ಬಸ್ಸು ನಿಂತ್ರೆ ಬಾಟಲಿ ಒಳಗಿನ ನೀರು ಕುಣಿಯುತ್ತೆ. ನಿಂತ ಬಸ್ಸಲ್ಲಿ!" ಎಂದು ಅವಳು ತಟ್ಟೆ ತೊಳೆಯುತ್ತಾ ನಗುನಗುತ್ತಲೇ ಹೇಳಿದ್ದಳು. ಅವನೂ ನಕ್ಕಿದ್ದ. ಆಮೇಲೆ ನಿದ್ದೆ ಬಂದಿರಲಿಲ್ಲ.

ಅವಳು ಆಚೆ ದಡದ ವೈರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳೊಬ್ಬಳೇ ಏನು, ಅರ್ಧ ಊರೇ ಹೋಗುತ್ತಿತ್ತು. ಕೆಲವೇ ವರ್ಷಗಳ ಹಿಂದೆ ಆಚೆ ದಡದಲ್ಲಿ ಮುಳ್ಳುಪೊದೆ ಬಿಟ್ಟರೆ ಏನೂ ಇರಲಿಲ್ಲವಂತೆ. ಈಗ ಟಯರು, ಔಷಧಿ, ಫೋನಿನ ಬಿಡಿಭಾಗ, ಬಣ್ಣ. ಹೊಗೆಕೊಳವೆಗಳು ಒಂದರ ಹೆಗಲ ಮೇಲೊಂದು ಹತ್ತಿದ ಹಾಗೆ ಎದ್ದಿದ್ದವು. ಊರಿನ ಮನೆಗಳಿಗೆ ಮಹಡಿ ಬಂತು, ಮಹಡಿಗೆ ಬಾಡಿಗೆದಾರರು ಬಂದರು. ಎಲ್ಲ ಬಂದರೂ ನದಿ ದಾಟಲು ಇದ್ದದ್ದು ಎತ್ತಿನ ಗಾಡಿಯ ಕಾಲದ ಇದೊಂದೇ ಕಲ್ಲು ಸೇತುವೆ. ಎದುರುಬದುರು ಎರಡು ಲಾರಿ ಬಂದರೆ ಪಕ್ಕದ ಕನ್ನಡಿ ಮಡಚಿಕೊಂಡು ಉಸಿರು ಬಿಗಿಹಿಡಿದು ದಾಟಬೇಕು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ನೀರಿನಿಂದೆದ್ದು ನಿಂತು, ತಲೆಯ ಮೇಲೆ ಕಬ್ಬಿಣದ ಸರಳು ಕೆದರಿಕೊಂಡು ತುಕ್ಕು ಹಿಡಿಯುತ್ತಿದ್ದವು. ಹೊಸ ಸೇತುವೆಯನ್ನು ಕಾಗೆಗಳು ಯಾವತ್ತೋ ಉದ್ಘಾಟನೆ ಮಾಡಿಯಾಗಿದೆ ಎಂದು ಊರಲ್ಲಿ ನಗುತ್ತಿದ್ದರು.

"ಗಾಜು ನೋಡ್ತಿದ್ದೀರಾ ಸಾಹೇಬ್ರೇ?" ಕೆಳಗಿನಿಂದ ಮೇಸ್ತ್ರಿ ಕೂಗಿದರು. ಸೇತುವೆಯ ಉಸ್ತುವಾರಿಗೆ ಇಲಾಖೆ ಇಟ್ಟಿದ್ದ ಒಬ್ಬರೇ ಮನುಷ್ಯ ಅವರು. ತಲೆಗೆ ಟವೆಲು ಸುತ್ತಿಕೊಂಡು ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದರು. "ನಾನೇ ನಿಮ್ಮ ಹತ್ರ ಹೇಳ್ಬೇಕು ಅಂತಿದ್ದೆ. ಈಗಿನ ಗಾಜು ಏನೇನೂ ಚೆನ್ನಾಗಿಲ್ಲ."

"ಅಂದ್ರೆ?"

"ತಾಳಿಕೇನೇ ಇಲ್ಲ ಅಂತೀನಿ. ಮೊದಮೊದಲು ಒಂದ್ಸಲ ಹಾಕಿದ್ರೆ ಮಳೆಗಾಲ ಪೂರ್ತಿ ನಿಲ್ಲೋದು. ಆಮೇಲೆ ತಿಂಗಳಿಗೊಂದು ಹೋಗೋಕೆ ಶುರುವಾಯ್ತು. ಈಗಂತೂ ಕೇಳ್ಲೇಬೇಡಿ. ಸೋಮವಾರ ಹಾಕಿದ್ದು ಗುರುವಾರ ಟಪ್ ಅಂತು. ನೀವು ನೋಡ್ತಿರೋದು ನಿನ್ನೆ ಸಾಯಂಕಾಲದ್ದು. ಫೋಟೋಗೆ ಕಟ್ಟು ಹಾಕೋನಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ‘ಏನಯ್ಯಾ, ಗಾಜು ಅಂತ ಮಂಜುಗಡ್ಡೆ ಕೊಡ್ತಿದ್ದೀಯಾ’ ಅಂದೆ."

ಇಂಜಿನಿಯರ್ ಏಣಿಯ ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಒಡೆದದ್ದು ನನಗೆ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?"

"ಅಯ್ಯೋ, ಇಷ್ಟಕ್ಕೆಲ್ಲ ನಿಮಗೆ ಫೋನ್ ಮಾಡೋದಾ? ಆವತ್ತು ನೀವೇ ಹೇಳಿದ್ರಲ್ಲ, ಒಡೆದದ್ದು ಹಾಗೇ ಇಡ್ಬೇಡಿ, ತೆಗೆದು ಬೇರೆ ಹಾಕಿ ಅಂತ. ನಾನು ಒಂದು ದಿನಾನೂ ಒಡೆದ ಗಾಜು ಇಟ್ಟಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಹೇಳಿದ್ದ. ಅವನಿಗೆ ನೆನಪಾಯಿತು. ಗಾಜು ಅಂಟಿಸಿದ ಮರುದಿನ ಯಾರೋ ದಡದಿಂದ ಕಲ್ಲೆಸೆದು ಒಂದನ್ನು ಒಡೆದಿದ್ದರು. ಅದೇ ದಿನ ದೊಡ್ಡ ಸಾಹೇಬರು ಪರಿಶೀಲನೆಗೆ ಬರುವವರಿದ್ದರು. ಅವನು ಜೀಪಿನಲ್ಲಿ ಒಂದು ಕಾಲಿಟ್ಟುಕೊಂಡೇ ಆ ಮಾತು ಹೇಳಿ, ಬಾಗಿಲು ಹಾಕಿಕೊಂಡು ಹೋಗಿದ್ದ. ಗಾಜು ಯಾತಕ್ಕೆಂದು ಮೇಸ್ತ್ರಿ ಕೇಳಿರಲಿಲ್ಲ. ಕೇಳುವಷ್ಟು ಹೊತ್ತು ಅವನು ಅಲ್ಲಿ ನಿಂತಿರಲೂ ಇಲ್ಲ.

"ಒಡೆದ ಚೂರೆಲ್ಲ ಏನ್ಮಾಡಿದ್ರಿ?"

"ನದೀಗೆ ಹಾಕೋಕಾಗುತ್ತಾ, ಬಟ್ಟೆ ಒಗೆಯೋರ ಕಾಲಿಗೆ ಚುಚ್ಚಲ್ವಾ? ಬನ್ನಿ, ತೋರಿಸ್ತೀನಿ."

ಸಲಕರಣೆ ಇಡುವ ತಗಡಿನ ಕೋಣೆಯ ಮೂಲೆಯಲ್ಲಿ ಒಂದು ಸಿಮೆಂಟು ಚೀಲವಿತ್ತು. ಬಾಯಿಗೆ ದಾರ ಕಟ್ಟಿತ್ತು. ಇಂಜಿನಿಯರ್ ಎತ್ತಲು ಹೋದ. ಒಂದು ಕೈಯಲ್ಲಿ ಆಗಲಿಲ್ಲ. ಒಳಗೆ ಗಾಜು ಗಲಗಲ ಎಂದಿತು. ತನ್ನ ಪ್ರತಿಯೊಂದು ಸಹಿಯೂ ಈ ಚೀಲದಲ್ಲಿ ಚೂರಾಗಿ ಬಿದ್ದಿದೆ ಅನ್ನಿಸಿತು ಅವನಿಗೆ.

"ಮನೇಲಿ ಎಲ್ಲ ಚೆನ್ನಾಗಿದ್ದಾರಾ ಸಾಹೇಬ್ರೇ? ಮುಖ ಯಾಕೋ ಬಿಳಿಚಿಕೊಂಡಿದೆ. ನೀರು ಕೊಡ್ಲಾ?" ಎಂದರು ಮೇಸ್ತ್ರಿ.

"ಏನಿಲ್ಲ. ಸೆಖೆ."

ಅವನು ಮತ್ತೆ ಕಮಾನಿನ ಕೆಳಗೆ ಬಂದು ದೊಡ್ಡ ಸಾಹೇಬರಿಗೆ ಫೋನು ಮಾಡಿದ. ಅವರು ಯಾವುದೋ ಸಭೆಯಲ್ಲಿದ್ದರು. ಹಿಂದೆ ಚಹಾದ ಬಟ್ಟಲುಗಳ ಸದ್ದು ಕೇಳುತ್ತಿತ್ತು.

"ಗಾಜು ಸರಿಯಾಗಿದೆ ಅಂತ ಹೋದ ತಿಂಗಳು ನೀವೇ ಸಹಿ ಹಾಕಿದ್ದೀರಿ."

"ಸರಿಯಾಗೇ ಇತ್ತು ಸಾರ್. ಯಾಕಂದ್ರೆ ಅದು ಹೊಸ ಗಾಜು."

"ಒಗಟು ಹೇಳ್ಬೇಡ್ರಿ, ನನಗೆ ಟೈಮಿಲ್ಲ."

ಅವನು ಬಿಡಿಸಿ ಹೇಳಿದ. ಆ ಕಡೆ ಬಟ್ಟಲುಗಳ ಸದ್ದು ನಿಂತು ಬಾಗಿಲು ಮುಚ್ಚಿದ ಸದ್ದು ಬಂತು.

"ಯಾರ್ರೀ ಅದು ಗಾಜು ಬದಲಾಯಿಸಿದೋನು? ಹೆಸರು ಕಳಿಸಿ. ಸಂಜೆಯೊಳಗೆ ಮನೆಗೆ ಕಳಿಸ್ತೀನಿ ಅವನನ್ನ."

ಇಂಜಿನಿಯರ್ ಮೇಸ್ತ್ರಿಯ ಕಡೆ ನೋಡಿದ. ಅವರು ಏಣಿಯನ್ನು ಮಲಗಿಸಿ, ಅದರ ಮೆಟ್ಟಿಲಿಗೆ ಮೆತ್ತಿದ್ದ ಅವನ ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದರು.

"ನಾನೇ ಹಾಕಿಸಿದ್ದು ಸಾರ್."

"ತಲೆ ನೆಟ್ಟಗಿದೆಯೇನ್ರೀ ನಿಮಗೆ?"

"ಸಾರ್, ಲಾರಿಗಳನ್ನ ನಿಲ್ಲಿಸ್ಬೇಕು. ಇವತ್ತೇ."

"ಕೇಳಿ ಇಲ್ಲಿ. ತಜ್ಞರನ್ನ ಮುಂದಿನ ವಾರ ಕಳಿಸ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರಿ. ಆಚೆ ದಡದ ಸರಕು ಹಡಗು ಹತ್ತೋಕೆ ಬೇರೆ ದಾರಿ ಇಲ್ಲ. ಅದು ಸೇತುವೆ ಅಲ್ಲ ಕಣ್ರೀ, ಕುತ್ತಿಗೆ. ನೀವು ಕುತ್ತಿಗೆ ಹಿಸುಕೋಕೆ ಪರ್ಮಿಷನ್ ಕೇಳ್ತಿದ್ದೀರಿ. ಇಷ್ಟು ವರ್ಷ ನಿಂತಿರೋದು ಇನ್ನೊಂದು ವಾರ ನಿಲ್ಲಲ್ವಾ?"

ಫೋನು ಇಟ್ಟರು. ನಿಲ್ಲಬಹುದು. ಅದೂ ನಿಜವೇ. ಅವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಸೇತುವೆ ನಿಂತರೆ ತಾನು ಹೆದರುಪುಕ್ಕಲ, ಬಿದ್ದರೆ ಕೊಲೆಗಾರ. ಇವೆರಡರ ನಡುವೆ ಹೆಂಡತಿಯ ಬಸ್ಸು ದಿನಕ್ಕೆರಡು ಸಲ ಓಡಾಡುತ್ತದೆ. ಅವಳಿಗೆ ಫೋನು ಮಾಡಿದ. ಬಾರಿಸುತ್ತಲೇ ಇತ್ತು. ಕಾರ್ಖಾನೆಯ ಬಾಗಿಲಲ್ಲೇ ಫೋನುಗಳನ್ನು ಇಸಿದುಕೊಂಡು ಕಪಾಟಿನಲ್ಲಿ ಬೀಗ ಹಾಕಿಡುತ್ತಾರೆ, ಗೊತ್ತಿತ್ತು. ಗೊತ್ತಿದ್ದೂ ಇನ್ನೊಮ್ಮೆ ಮಾಡಿದ.

ಆಗ ಸದ್ದು ಕೇಳಿತು. ದೊಡ್ಡದೇನಲ್ಲ, ಯಾರೋ ಒಣಕಡ್ಡಿ ಮುರಿದ ಹಾಗೆ. ಅವನು ತಲೆ ಎತ್ತಿದ. ಮೇಲೆ ಒಂದರ ಹಿಂದೊಂದು ಭಾರದ ಲಾರಿಗಳು ಹೋಗುತ್ತಿದ್ದವು. ನಿನ್ನೆ ಸಂಜೆಯ ಗಾಜು ನಡುವೆ ಸೀಳಿ, ಒಂದು ತುಂಡು ತಿರುಗುತ್ತಾ ಬಂದು ಅವನ ಕಾಲ ಬಳಿ ಮರಳಿನಲ್ಲಿ ನೆಟ್ಟುಕೊಂಡಿತು.

"ನೋಡಿದ್ರಾ! ನಾನು ಹೇಳಿದ್ದು ಸುಳ್ಳಾ?" ಎಂದರು ಮೇಸ್ತ್ರಿ, ಗೆದ್ದವರ ದನಿಯಲ್ಲಿ.

"ಮೇಸ್ತ್ರಿ, ಡಾಂಬರಿನ ಡ್ರಮ್ಮು ಎಷ್ಟಿವೆ?"

"ಖಾಲಿಯವು ಬೇಕಾದಷ್ಟಿವೆ. ಯಾಕೆ?"

"ರಸ್ತೆಗೆ ಅಡ್ಡ ಇಡ್ಬೇಕು. ಬಿರುಕು ದೊಡ್ಡದಾಗಿದೆ."

ಮೇಸ್ತ್ರಿ ತಲೆಯ ಟವೆಲನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರು. ಇಬ್ಬರೂ ಸೇರಿ ಊರ ಕಡೆಯ ತುದಿಯಲ್ಲಿ ಡ್ರಮ್ಮುಗಳನ್ನು ಉರುಳಿಸಿ ನಿಲ್ಲಿಸಿದರು. ಅವನು ಜೀಪನ್ನೂ ಅಡ್ಡ ಹಾಕಿದ. ಪೊಲೀಸ್ ಠಾಣೆಗೆ ಫೋನು ಮಾಡಿದರೆ, ಮೇಲಿನವರ ಆರ್ಡರ್ ಇದೆಯೇ ಎಂದು ಕೇಳಿದರು. ಇಲ್ಲ ಎಂದ. ಆರ್ಡರ್ ಬಂದಾಗ ಬರುತ್ತೇವೆ ಎಂದರು.

ಮೊದಲು ಬಂದು ನಿಂತದ್ದು ಟೊಮ್ಯಾಟೊ ತುಂಬಿದ ಲಾರಿ. ಡ್ರೈವರು ಅರ್ಧ ಮೈ ಹೊರಗೆ ಹಾಕಿ ಕೇಳಿದ: "ಏನ್ಸಾರ್, ಮದುವೆ ಮೆರವಣಿಗೆನಾ?"

"ರಿಪೇರಿ. ಮುಚ್ಚಿದೆ."

"ಎಷ್ಟೊತ್ತು?"

"ಹೇಳೋಕಾಗಲ್ಲ."

"ಹೇಳೋಕಾಗಲ್ವಾ! ನನ್ನ ಹಿಂದೆ ಇರೋದು ಹಣ್ಣು ಸಾರ್, ಕಬ್ಬಿಣ ಅಲ್ಲ. ನಿಮ್ಮ ರಿಪೇರಿ ಮುಗಿಯೋದ್ರಲ್ಲಿ ರಸ ಸುರಿದು ರಸ್ತೆ ತೊಳೆಯುತ್ತೆ."

ಅವನ ಹಿಂದೆ ಇನ್ನೊಂದು ಲಾರಿ ನಿಂತಿತು, ಅದರ ಹಿಂದೆ ಮತ್ತೊಂದು. ಹಾರನ್ನುಗಳು ಶುರುವಾದವು. ಕಾಯಲಾರದ ವ್ಯಾನಿನವರು ಬಲಗಡೆಯಿಂದ ನುಗ್ಗಿ ಮುಂದೆ ಬಂದರು. ಅವರನ್ನು ನೋಡಿ ಬೈಕಿನವರು ಬಂದರು. ನೋಡನೋಡುತ್ತಾ ರಸ್ತೆಯ ಅಂಚಿನಿಂದ ಅಂಚಿಗೆ ವಾಹನ ತುಂಬಿ, ಕೈ ಹಾಕಲೂ ಸಂದಿ ಉಳಿಯಲಿಲ್ಲ. ಆಗ ಇಂಜಿನಿಯರಿಗೆ ತಾನು ಮಾಡಿದ್ದೇನೆಂದು ಹೊಳೆಯಿತು.

ಅವನು ಒಂದೇ ತುದಿ ಮುಚ್ಚಿದ್ದ. ಆಚೆ ದಡದಿಂದ ಲಾರಿಗಳು ಬರುತ್ತಲೇ ಇದ್ದವು. ಬಂದವು ಈ ತುದಿಯಲ್ಲಿ ಇಳಿಯಲು ದಾರಿಯಿಲ್ಲದೆ ನಿಂತವು. ಅವುಗಳ ಹಿಂದೆ ಇನ್ನಷ್ಟು ನಿಂತವು. ಓಡುತ್ತಾ ದಾಟಿಹೋಗುತ್ತಿದ್ದ ಭಾರವೆಲ್ಲ ಈಗ ಸೇತುವೆಯ ಮೇಲೆ ತುದಿಯಿಂದ ತುದಿಗೆ ತುಂಬಿಕೊಂಡು ಅಲುಗಾಡದೆ ಕೂತಿತ್ತು. ಇಷ್ಟು ಭಾರ ಈ ಸೇತುವೆ ಎಂದೂ ಹೊತ್ತಿರಲಿಲ್ಲ. ಅದನ್ನು ಹೊರಿಸಿದವನು ಅವನೇ.

ಜೀಪಿನ ಬಾನೆಟ್ ಮೇಲೆ ಹತ್ತಿ ನೋಡಿದ. ಲಾರಿಗಳ ನಡುವೆ ಒಂದು ಹಳದಿ ಚಾವಣಿ ಕಂಡಿತು. ಕಾರ್ಖಾನೆಯ ಬಸ್ಸು. ಪಾಳಿ ಮುಗಿದ ಹೆಂಗಸರನ್ನು ತುಂಬಿಕೊಂಡು ಬಂದ ಬಸ್ಸು ಸರಿಯಾಗಿ ಮೂರನೆಯ ಕಮಾನಿನ ಮೇಲೆ ನಿಂತಿತ್ತು.

ಅವನು ಇಳಿದು ಟೊಮ್ಯಾಟೊ ಲಾರಿಯ ಡ್ರೈವರನ ತೋಳು ಹಿಡಿದ. ಕೂಗಿ ಹೇಳಿದರೆ ಎಲ್ಲರೂ ಒಂದೇ ಸಲ ಓಡುತ್ತಾರೆ, ಕಾಲ್ತುಳಿತವಾಗುತ್ತದೆ. ಕಿವಿಯ ಹತ್ತಿರ ಬಾಯಿಟ್ಟು ಹೇಳಿದ: "ರಿಪೇರಿ ಅಲ್ಲಪ್ಪ. ಸೇತುವೆ ಹೋಗ್ಬಹುದು. ಹೆಂಡ್ತಿ ಅಲ್ಲಿದ್ದಾಳೆ."

ಡ್ರೈವರು ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಇದನ್ನ ಮೊದ್ಲೇ ಬೊಗಳ್ಬಾರ್ದಾ ಸಾಹೇಬ್ರೇ," ಎಂದವನೇ ತನ್ನ ಲಾರಿಯ ತಗಡನ್ನು ಪಟಪಟ ಬಡಿದು ಹಿಂದಿನವರಿಗೆ ಕೂಗಿದ, "ಲೇ ಅಣ್ಣಂದಿರಾ, ಹಿಂದಕ್ಕೆ ಬಿಡ್ರೋ! ಒಂದು ಗಾಡಿ ಜಾಗ ಬಿಡಿ ಸಾಕು, ಆ ಕಡೆಯವರು ಇಳಿದು ಹೋಗ್ಲಿ! ಏ ವ್ಯಾನು, ನಿನಗೇನು ಬೇರೆ ಹೇಳ್ಬೇಕಾ, ತೆಗಿ ನಿನ್ನ ಡಬ್ಬಾನ!"

ಮೇಸ್ತ್ರಿ ಡ್ರಮ್ಮುಗಳನ್ನು ಒಂದು ಪಕ್ಕಕ್ಕೆ ಸರಿಸಿದರು. ಇಂಜಿನಿಯರ್ ಜೀಪನ್ನು ಬದಿಗೆ ತೆಗೆದು ಸೇತುವೆಯ ಮೇಲೆ ಹೊರಟ. ಲಾರಿಗಳ ಚಕ್ರಕ್ಕೂ ಕಲ್ಲಿನ ಕಟ್ಟೆಗೂ ನಡುವೆ ಮೈ ಅಡ್ಡ ಮಾಡಿ ನಡೆಯುವಷ್ಟೇ ಜಾಗವಿತ್ತು. ಪ್ರತಿಯೊಬ್ಬ ಡ್ರೈವರಿಗೂ "ಇಂಜಿನ್ ಆಫ್ ಮಾಡಿ, ನಿಮ್ಮ ಸರದಿ ಬಂದಾಗ ನಿಧಾನ, ನಿಧಾನ" ಎನ್ನುತ್ತಾ ಹೋದ. ಇಂಜಿನ್ನುಗಳು ನಿಂತ ಹಾಗೆಲ್ಲ ಕಾಲ ಕೆಳಗಿನ ನಡುಕ ಕಡಿಮೆಯಾಗುತ್ತಿತ್ತು, ಅಥವಾ ಅವನಿಗೆ ಹಾಗೆ ಅನ್ನಿಸುತ್ತಿತ್ತು. ಬಸ್ಸಿನ ಬಾಗಿಲು ತಟ್ಟಿ, ಸೇತುವೆ ಕೆಟ್ಟಿದೆ, ಇಳಿದು ನಡೆದುಕೊಂಡು ಹೋಗಿ, ಗುಂಪಾಗಿ ಹೋಗಬೇಡಿ ಎಂದ. ಹೆಂಗಸರು ಗೊಣಗುತ್ತಾ ಇಳಿದರು. ಅವಳು ಕಡೆಯಲ್ಲಿ ಇಳಿದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಚೀಲ. ಅವನನ್ನು ಕಂಡು ಹುಬ್ಬೇರಿಸಿದಳು.

"ರೀ, ನೀವಿಲ್ಲಿ? ಯಾವ ಪುಣ್ಯಾತ್ಮ ಇದನ್ನ ಮುಚ್ಚಿಸಿದ್ದು? ಬಸ್ಸಲ್ಲಿ ಎಲ್ರೂ ಸೇರಿ ಅವನ ವಂಶ ಜಾಲಾಡ್ತಿದ್ದೀವಿ."

"ನಾನೇ."

ಅವಳು ಊಟದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ನಾನೂ ಒಂದೆರಡು ಸೇರಿಸಿಬಿಟ್ಟೆ."

"ನಡಿ. ನಿಲ್ಬೇಡ. ತಿರುಗಿ ನೋಡ್ಬೇಡ, ನಡಿ."

ಅವನ ದನಿಯಲ್ಲಿ ಏನಿತ್ತೋ, ಅವಳು ಬೇಗಬೇಗ ನಡೆದಳು. ಅವಳು ಊರ ಕಡೆಯ ತುದಿ ಮುಟ್ಟುವವರೆಗೂ ಅವನು ಅಲ್ಲೇ ನಿಂತು ನೋಡಿದ. ನಂತರ ಆಚೆ ತುದಿಗೆ ಹೋಗಿ ಅಲ್ಲಿ ಬರುವವರನ್ನು ತಡೆದು ನಿಲ್ಲಿಸಿದ. ಬೆಳಕಿರುವಾಗಲೇ ಸೇತುವೆ ಖಾಲಿಯಾಯಿತು. ಕೊನೆಯ ಲಾರಿ ಇಳಿದ ಮೇಲೆ ನೀರು ಹರಿಯುವ ಸದ್ದು ಕೇಳಿಸಿತು. ಈ ಊರಿಗೆ ಬಂದ ಮೇಲೆ ಅವನು ಅದನ್ನು ಕೇಳಿದ್ದು ಅದೇ ಮೊದಲು.

ಸೇತುವೆ ಬೀಳಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

ಬಿದ್ದಿದ್ದರೆ ಅವನ ಮಾತಿಗೆ ಸಾಕ್ಷಿ ಇರುತ್ತಿತ್ತು. ತಜ್ಞರು ಬಂದರು, ದೋಣಿಯಲ್ಲಿ ಕೂತು ಕಮಾನುಗಳ ಫೋಟೋ ತೆಗೆದರು, ಇನ್ನೂ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಭಾರದ ವಾಹನ ಬೇಡ ಎಂದು ಬರೆದು ಹೋದರು. ಆಚೆ ದಡದಲ್ಲಿ ಸರಕು ಗುಡ್ಡೆ ಬಿದ್ದಿತು. ಕಚ್ಚಾ ಸಾಮಾನು ಬಾರದೆ ವೈರಿನ ಕಾರ್ಖಾನೆ ಹೆಂಗಸರನ್ನು ‘ಹೇಳಿಕಳಿಸುವವರೆಗೆ ಬರಬೇಡಿ’ ಎಂದು ಮನೆಗೆ ಕಳಿಸಿತು. ಹೆಂಡತಿ ಹಗಲೆಲ್ಲ ಮನೆಯಲ್ಲಿದ್ದು ಕಪಾಟುಗಳನ್ನು ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದಳು. ಜೊತೆಗಾತಿಯರು ಬೀದಿಯಲ್ಲಿ ಸಿಕ್ಕರೆ ಅವಳನ್ನು ಮಾತಾಡಿಸುತ್ತಿರಲಿಲ್ಲ. ಒಂದು ದಿನ ಅವಳು ತಟ್ಟೆಗೆ ಅನ್ನ ಬಡಿಸುತ್ತಾ ಕೇಳಿದಳು, "ನಿಜ ಹೇಳಿ, ಬೀಳ್ತಿತ್ತಾ ಅದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಬೇರೆ ಯಾರ ಹತ್ರಾನೂ ಹೇಳ್ಬೇಡಿ," ಎಂದಳು ಅವಳು.

ವಿಚಾರಣೆಯಲ್ಲಿ ಗಾಜಿನ ಪ್ರಶ್ನೆ ಬಂತು. ಒಡೆದ ಗಾಜನ್ನು ಬದಲಾಯಿಸುತ್ತಿದ್ದದ್ದು ತನ್ನ ಅಪ್ಪಣೆಯ ಮೇರೆಗೆ ಎಂದ. ಯಾಕೆಂದು ಕೇಳಿದರು. ತಪ್ಪಾಯಿತು ಎಂದ. ಬೇರೇನೂ ಹೇಳಲಿಲ್ಲ. ಬಡ್ತಿ ತಡೆದರು, ದೂರದ ಒಂದು ಕಚೇರಿಗೆ ವರ್ಗ ಮಾಡಿದರು. ಊರು ಬಿಡುವ ಹಿಂದಿನ ದಿನ ಅವನು ನದಿಯ ಕಡೆ ಹೋದ. ಅವತ್ತಿನ ಮುಂಜಾನೆಯ ಬಿಸಿಲಿನಲ್ಲಿ ಸೇತುವೆಯ ಮೇಲೆ ಒಬ್ಬ ಸೈಕಲ್ಲಿನವನು ಮಾತ್ರ ಕೈಬಿಟ್ಟು ತುಳಿದುಕೊಂಡು ಹೋಗುತ್ತಿದ್ದ.

ಮೇಸ್ತ್ರಿ ಕಮಾನಿನ ಕೆಳಗಿದ್ದರು. ಅವನನ್ನು ಕಂಡವರೇ ಏಣಿಯನ್ನು ಎತ್ತಿ ನಿಲ್ಲಿಸಿದರು.

"ಬನ್ನಿ ಬನ್ನಿ ಸಾಹೇಬ್ರೇ. ಹೋಗೋಕೆ ಮುಂಚೆ ಒಂದ್ಸಲ ನೋಡ್ಕೊಂಡು ಹೋಗಿ. ಆ ಫೋಟೋ ಅಂಗಡಿಯವನನ್ನ ಬಿಟ್ಟೇಬಿಟ್ಟೆ. ಪೇಟೆಗೆ ಹೋಗಿ ಬೇರೆ ಕಡೆಯಿಂದ ತಂದೆ. ಸ್ವಲ್ಪ ರೇಟು ಜಾಸ್ತಿ, ಆದ್ರೆ ಏನು ಗಾಜು ಅಂತೀರಾ! ಹಾಕಿ ಇಷ್ಟು ದಿನ ಆಯ್ತು, ಒಂದು ಗೆರೆ ಬಿದ್ದಿಲ್ಲ. ಮಾಲು ಅಂದ್ರೆ ಇದು."

ಅವನು ಏಣಿ ಹತ್ತಿದ. ಗಾಜು ಇಡಿಯಾಗಿತ್ತು. ನೀರಿನ ಮೇಲಿನ ಬೆಳಕು ಅದರಲ್ಲಿ ಆಡುತ್ತಿತ್ತು. ಅಂಚಿನಲ್ಲಿ ಒಂದು ಜೇಡ ಎಳೆ ಎಳೆಯಲು ಶುರುಮಾಡಿತ್ತು.

"ಹೆಂಗಿದೆ?" ಕೆಳಗಿನಿಂದ ಮೇಸ್ತ್ರಿ ಕೇಳಿದರು.

"ಚೆನ್ನಾಗಿದೆ ಮೇಸ್ತ್ರಿ."

"ಇದನ್ನೇ ಮೊದ್ಲಿಂದ ಹಾಕಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ನೋಡಿ," ಎಂದು ಮೇಸ್ತ್ರಿ ನಿಟ್ಟುಸಿರಿಟ್ಟರು. ಆಮೇಲೆ, ದೊಡ್ಡ ಊರಿಗೆ ಹೋಗುತ್ತಿದ್ದೀರಿ, ಅಮ್ಮಾವ್ರಿಗೆ ಹೇಳಿ, ನಮ್ಮನ್ನು ಮರೆಯಬೇಡಿ ಎಂದರು. ಅವನು ಅವರ ಎರಡೂ ಕೈ ಹಿಡಿದುಕೊಂಡ. ಬೆರಳುಗಳ ತುಂಬ ಗಾಜು ಗೀರಿದ ಹಳೆಯ ಗಾಯಗಳಿದ್ದವು.

ಆ ಗಾಜನ್ನು ಒಡೆಯಲೆಂದೇ ಅಂಟಿಸಿದ್ದು ಎಂದು ಅವನು ಅವರಿಗೆ ಹೇಳಲಿಲ್ಲ.